ಕಚೇರಿಯ ಕಥೆಗಳಲ್ಲಿ ಖಳನಾಯಿಕೆ

ಕಥೆಯಲ್ಲಿ ದುಷ್ಟಪಾತ್ರವೊಂದು ಇರುವುದು ದೋಷವಲ್ಲ. ರಾವಣನಿಲ್ಲದೆ ರಾಮಾಯಣವಿಲ್ಲ, ಶಕುನಿಯಿಲ್ಲದೆ ದ್ಯೂತವಿಲ್ಲ. ಆದರೆ ಒಂದು ಕಾಲದ ಕಥೆಗಾರರು ಯಾರನ್ನು ಮತ್ತೆ ಮತ್ತೆ ದುಷ್ಟರನ್ನಾಗಿ ಚಿತ್ರಿಸುವರೆಂಬುದನ್ನು ಗಮನಿಸಿದರೆ, ಆ ಕಾಲದ ಜನರು ಮನಸ್ಸಿನೊಳಗೆ ಯಾರಿಗೆ ಅಂಜುತ್ತಿದ್ದರೆಂಬುದು ತಿಳಿದುಬರುವುದು. ಈ ದೃಷ್ಟಿಯಿಂದ, ಅಮೆರಿಕಾ ದೇಶದಲ್ಲಿ ಟೆಲಿವಿಷನ್ನಿಗೆಂದೇ ತಯಾರಾಗುವ ಒಂದು ಜಾತಿಯ ರೋಮಾಂಚಕ ಚಿತ್ರಗಳನ್ನು ಈ ತಿಂಗಳು ಪರಿಶೀಲಿಸೋಣ. ಅಂತರ್ಜಾಲದ ದೆಸೆಯಿಂದ ಇವು ಈಗ ನಮ್ಮ ನಡುಮನೆಗಳಿಗೂ ಬಂದಿರುವುದರಿಂದ, ಇವುಗಳ ವಿಚಾರವು ಗೃಹಸ್ಥರಿಗೆ ಅನ್ಯವಾದುದಲ್ಲ.

ಆ ದೇಶದಲ್ಲಿ ಲೈಫ್‌ಟೈಮ್ ಎಂಬ ಟೆಲಿವಿಷನ್ ವಾಹಿನಿಯು ೧೯೮೪ರಲ್ಲಿ ಪ್ರಾರಂಭವಾಯಿತು. ಅದರ ಪ್ರೇಕ್ಷಕರು ಮುಖ್ಯವಾಗಿ ಸ್ತ್ರೀಯರು. ಅಲ್ಲಿ ಪ್ರಸಾರವಾಗುವ ಚಿತ್ರಗಳಲ್ಲಿ ಅನೇಕವು ಸ್ವಲ್ಪ ಹಣದಲ್ಲಿ, ಎರಡು ಮೂರು ವಾರಗಳ ಚಿತ್ರೀಕರಣದಿಂದ, ಬಹಳಮಟ್ಟಿಗೆ ಕೆನಡಾ ದೇಶದ ಊರುಗಳಲ್ಲಿ ಸಿದ್ಧವಾಗುವುವು. ಎರಡು ಗಂಟೆಯ ಅವಧಿಯಲ್ಲಿ ಜಾಹೀರಾತುಗಳನ್ನು ಕಳೆದರೆ ಕಥೆಗೆ ಉಳಿಯುವುದು ಸುಮಾರು ಒಂದೂವರೆ ಗಂಟೆ. ಜಾಹೀರಾತು ಬಂದಾಗ ಪ್ರೇಕ್ಷಕರು ಎದ್ದುಹೋಗದಂತೆ, ಪ್ರತಿಯೊಂದು ಅಂಕದ ಕೊನೆಯಲ್ಲಿಯೂ ಒಂದು ಅಪಾಯವನ್ನು ಇಡಲೇಬೇಕು. ಆದಕಾರಣ ಪಾತ್ರದ ಅಂತರಂಗವನ್ನು ಬಿಡಿಸಿ ತೋರಿಸಲು ಅವಕಾಶ ಕಡಮೆ. ಗುರುತು ಹಿಡಿಯಲು ಸುಲಭವಾದ ಅಚ್ಚುಗಳೇ ಬೇಕಾಗುವುವು.

ಆ ಅಚ್ಚುಗಳಲ್ಲಿ ಒಂದು ಹೀಗಿದೆ. ಒಬ್ಬ ಸಜ್ಜನನಾದ ಅಧಿಕಾರಿ. ಅವನಿಗೆ ಅನುಕೂಲೆಯಾದ ಪತ್ನಿ, ಚೊಕ್ಕಟವಾದ ಮನೆ, ಒಂದೆರಡು ಮಕ್ಕಳು. ಅವನ ಕಚೇರಿಗೆ ಹೊಸ ಸಹಾಯಕಿಯೊಬ್ಬಳು ಬರುವಳು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಹೋಗುವಳು. ಕಾಗದಪತ್ರಗಳನ್ನು ಒಪ್ಪವಾಗಿ ಇಡುವಳು. ಯಜಮಾನನ ಅಗತ್ಯವನ್ನು ಅವನು ಹೇಳುವುದಕ್ಕೆ ಮೊದಲೇ ತಿಳಿಯುವಳು. ಅವನು ಸೌಜನ್ಯಕ್ಕಾಗಿ ಆಡಿದ ಒಂದು ಒಳ್ಳೆಯ ಮಾತನ್ನು ಪ್ರೇಮವೆಂದು ಭಾವಿಸುವಳು. ಅಲ್ಲಿಂದ ಮುಂದೆ ಸುಳ್ಳು, ಬೆದರಿಕೆ, ವಿಷ, ಕೊಲೆ. ಕಡೆಗೆ ಆ ಮನೆಯಲ್ಲಿಯೇ, ಬಹುಮಟ್ಟಿಗೆ ಪತ್ನಿಯ ಕೈಯಿಂದ, ಅವಳ ಪತನ. ೨೦೦೮ರ ‘ದಿ ಪರ್ಫೆಕ್ಟ್ ಅಸಿಸ್ಟೆಂಟ್’ ಎಂಬ ಚಿತ್ರವು ಯಜಮಾನನ ಮೇಲಿನ ವ್ಯಾಮೋಹದಿಂದ ಸಹಾಯಕಿಯೊಬ್ಬಳು ಘೋರಕೃತ್ಯಕ್ಕೆ ಇಳಿಯುವ ಕಥೆ. ಪರ್ಫೆಕ್ಟ್ ಎಂದರೆ ನಿರ್ದುಷ್ಟ, ಪರಿಪೂರ್ಣ. ಈ ವಿಶೇಷಣವನ್ನು ತಲೆಯಲ್ಲಿ ಹೊತ್ತ ಚಿತ್ರಗಳು ಇನ್ನೂ ಹಲವಿವೆ. ಕೊರತೆಯಿಲ್ಲದ ಕೆಲಸವೇ ಇಲ್ಲಿ ಶಂಕೆಗೆ ಮೊದಲನೆಯ ಕಾರಣವೆಂಬುದನ್ನು ವಾಚಕರು ಗಮನಿಸಬೇಕು.

ಈ ವಂಶದ ಮೂಲವನ್ನು ಹುಡುಕಿದರೆ ದೊಡ್ಡ ಪರದೆಯ ಚಿತ್ರಗಳಿಗೆ ಹೋಗಬೇಕಾಗುವುದು. ೧೯೭೧ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ ‘ಪ್ಲೇ ಮಿಸ್ಟಿ ಫಾರ್ ಮಿ’ ಎಂಬುದರಲ್ಲಿ ರೇಡಿಯೋ ನಿಲಯದ ಉದ್ಯೋಗಿಯೊಬ್ಬನನ್ನು ಕೇಳುಗಳೊಬ್ಬಳು ಬೆನ್ನುಹತ್ತುವಳು. ಆದರೆ ಅಚ್ಚನ್ನು ಎರಕ ಹೊಯ್ದದ್ದು ೧೯೮೭ರಲ್ಲಿ ಬಂದ, ಏಡ್ರಿಯನ್ ಲೈನ್ ನಿರ್ದೇಶಿಸಿದ ‘ಫೇಟಲ್ ಅಟ್ರಾಕ್ಷನ್’. ಅದರಲ್ಲಿ ವಿವಾಹಿತನಾದ ವಕೀಲನು ತನ್ನ ವೃತ್ತಿಯ ಸಂಬಂಧದಲ್ಲಿ ಪರಿಚಿತಳಾದ, ಪುಸ್ತಕ ಪ್ರಕಾಶನ ಸಂಸ್ಥೆಯೊಂದರ ಸಂಪಾದಕಿಯೊಡನೆ ಎರಡು ದಿನ ಕಳೆದು ಮನೆಗೆ ಹಿಂದಿರುಗುವನು. ಅವಳು ಅವನನ್ನು ಬಿಡಳು. ಆ ಚಿತ್ರಕ್ಕೆ ಮೊದಲು ಮಾಡಿದ್ದ ಅಂತ್ಯದಲ್ಲಿ ಅವಳು ಆತ್ಮಹತ್ಯೆ ಮಾಡಿಕೊಳ್ಳುವಳು. ಕೊಲೆಯ ಶಂಕೆಯು ವಕೀಲನ ಮೇಲೆ ಬಂದು ಅವನು ಬಂಧಿತನಾಗುವನು. ಪರೀಕ್ಷಾರ್ಥವಾಗಿ ಕೆಲವರಿಗೆ ತೋರಿಸಿದಾಗ ಅವರಿಗೆ ಇದು ರುಚಿಸಲಿಲ್ಲ. ಆಮೇಲೆ ಹೊಸ ಅಂತ್ಯವನ್ನು ಚಿತ್ರೀಕರಿಸಿದರು: ಸ್ನಾನದ ಮನೆಯಲ್ಲಿ ಪತ್ನಿಯೇ ಅವಳನ್ನು ಗುಂಡಿಕ್ಕಿ ಕೊಲ್ಲುವಳು. ಸಂಪಾದಕಿಯ ಪಾತ್ರವನ್ನು ವಹಿಸಿದ್ದ ಗ್ಲೆನ್ ಕ್ಲೋಸ್ ಈ ಬದಲಾವಣೆಯನ್ನು ಬಲವಾಗಿ ವಿರೋಧಿಸಿದರೂ ಫಲವಾಗಲಿಲ್ಲ.

ಆ ಒಂದು ಬದಲಾವಣೆಯಿಂದ ನಡೆದುದೇನು? ಮೊದಲಿನ ಅಂತ್ಯದಲ್ಲಿ ಪುರುಷನು ತನ್ನ ಕರ್ಮಕ್ಕೆ ತಾನೇ ಉತ್ತರ ಹೇಳಬೇಕಾಗಿತ್ತು. ಎರಡನೆಯದರಲ್ಲಿ ಇಬ್ಬರು ಸ್ತ್ರೀಯರ ಕಾಳಗವಾಗಿ, ಅವನು ಹೆಚ್ಚುಕಡಮೆ ನಿರಪರಾಧಿಯಾಗಿ ಉಳಿದನು. ಟೆಲಿವಿಷನ್ ಚಿತ್ರಗಳು ಹಿಡಿದದ್ದು ಈ ಎರಡನೆಯ ದಾರಿಯನ್ನೇ. ೨೦೦೯ರ ‘ಅಬ್ಸೆಸ್ಡ್’ ಎಂಬ ಚಿತ್ರದಲ್ಲಿ ಆ ಒಂದು ತಪ್ಪನ್ನೂ ಪುರುಷನ ಮೇಲಿನಿಂದ ತೆಗೆದುಬಿಟ್ಟಿದ್ದಾರೆ. ತಾತ್ಕಾಲಿಕವಾಗಿ ನೇಮಕವಾದ ಸಹಾಯಕಿಯು ಅವನನ್ನು ಕಾಡುವಳು. ಪತ್ನಿಯು ಅವಳೊಡನೆ ಮನೆಯಲ್ಲಿಯೇ ಹೋರಾಡುವಳು. ವಿಚಿತ್ರವೇನೆಂದರೆ, ಆ ಪತ್ನಿಯೂ ಹಿಂದೆ ಅದೇ ಕಚೇರಿಯಲ್ಲಿ ಅವನ ಸಹಾಯಕಿಯಾಗಿದ್ದವಳು. ಅಂದರೆ ಮೇಜಿನ ಮುಂದೆ ಕುಳಿತ ಹೆಣ್ಣು ಒಂದೋ ನಾಳೆಯ ಪತ್ನಿ, ಇಲ್ಲವೆ ನಾಳೆಯ ಕೊಲೆಗಾತಿ. ಕೇವಲ ಉದ್ಯೋಗಸ್ಥಳಾಗಿರಲು ಅವಳಿಗೆ ಆ ಕಥೆಯಲ್ಲಿ ಎಡೆಯಿಲ್ಲ.

ಈಗ ಅದೇ ದೇಶದ ನ್ಯಾಯಾಲಯಗಳ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ೧೯೮೬ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು, ಬ್ಯಾಂಕೊಂದರ ಮಹಿಳಾ ಉದ್ಯೋಗಿಯು ಮೇಲಧಿಕಾರಿಯಿಂದ ಅನುಭವಿಸಿದ ಪೀಡೆಯ ವ್ಯಾಜ್ಯದಲ್ಲಿ, ಇಂಥ ಲೈಂಗಿಕ ಕಿರುಕುಳವು ೧೯೬೪ರ ಪೌರಹಕ್ಕುಗಳ ಶಾಸನಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ‘ಫೇಟಲ್ ಅಟ್ರಾಕ್ಷನ್’ ಬಂದದ್ದು ಅದರ ಮರುವರ್ಷ. ೧೯೯೧ರಲ್ಲಿ ಅನಿತಾ ಹಿಲ್ ಎಂಬ ಕಾನೂನು ಪ್ರಾಧ್ಯಾಪಕಿಯು ಸೆನೆಟ್ ಸಮಿತಿಯ ಮುಂದೆ, ನ್ಯಾಯಾಧೀಶ ಪದವಿಗೆ ನಾಮಾಂಕಿತರಾಗಿದ್ದ ತನ್ನ ಹಿಂದಿನ ಮೇಲಧಿಕಾರಿಯ ವರ್ತನೆಯ ವಿಷಯದಲ್ಲಿ ಸಾಕ್ಷ್ಯ ನುಡಿದರು. ಆತನು ಆರೋಪವನ್ನು ನಿರಾಕರಿಸಿದನು. ದೇಶವೆಲ್ಲ ಅದನ್ನು ಟೆಲಿವಿಷನ್ನಿನಲ್ಲಿ ನೋಡಿತು. ಆದರೆ ೧೯೯೩ರಲ್ಲಿ ಬಂದ ‘ದಿ ಟೆಂಪ್’ ಎಂಬ ಚಿತ್ರವು ಅಪಾಯಕಾರಿಯಾದ ಸಹಾಯಕಿಯದು. ೧೯೯೪ರಲ್ಲಿ ಬಂದ ‘ಡಿಸ್‌ಕ್ಲೋಷರ್’ ಪುರುಷನನ್ನು ಪೀಡಿಸುವ ಮಹಿಳಾ ಅಧಿಕಾರಿಯದು. ಈ ಎರಡನೆಯದರ ಕಥಾವಸ್ತುವೇ ೨೦೦೪ರಲ್ಲಿ ‘ಐತರಾಜ್’ ಎಂಬ ಹಿಂದಿ ಚಿತ್ರವಾಗಿ ನಮ್ಮ ದೇಶಕ್ಕೂ ಬಂದಿತು. ಹೀಗೆ ನ್ಯಾಯಸ್ಥಾನದಲ್ಲಿ ಹೆಣ್ಣು ದೂರುದಾರಳಾಗಿ ನಿಂತ ಕಾಲದಲ್ಲಿಯೇ ಪರದೆಯ ಮೇಲೆ ಅವಳು ಆಪಾದಿತಳಾಗಿ ನಿಂತಳು. ಇದು ಯಾರೋ ಕುಳಿತು ಹೂಡಿದ ಸಂಚೆಂದು ನಾನು ಹೇಳಲಾರೆ. ಅಂಜಿಕೆಯು ತಾನೇ ಕಥೆಯ ರೂಪವನ್ನು ತಾಳುವುದುಂಟು.

ನಮ್ಮ ಆಲಂಕಾರಿಕರು ಇಂಥ ವಸ್ತುವನ್ನು ಬಹು ಹಿಂದೆಯೇ ವಿಚಾರಿಸಿದ್ದಾರೆ. ಪ್ರೀತಿಯು ಇಬ್ಬರಲ್ಲಿಯೂ ಇರದೆ ಒಬ್ಬರಲ್ಲಿಯೇ ಇದ್ದರೆ ಅದು ಶೃಂಗಾರವಲ್ಲ, ಶೃಂಗಾರಾಭಾಸವೆಂದು ಅವರ ಮತ. ಕಪ್ಪೆಚಿಪ್ಪು ಬೆಳ್ಳಿಯಂತೆ ಹೊಳೆಯುವ ಹಾಗೆ, ಅದು ಪ್ರೇಮದಂತೆ ತೋರುವುದೇ ಹೊರತು ಪ್ರೇಮವಲ್ಲ. ಇದಕ್ಕೆ ಅವರು ಎತ್ತಿಕೊಂಡ ಪ್ರಸಿದ್ಧವಾದ ಉದಾಹರಣೆ ಯಾವುದು? ಸೀತೆಯಲ್ಲಿ ರಾವಣನಿಗಿದ್ದ ಮೋಹ. ಅಲ್ಲಿ ವ್ಯಾಮೋಹಿಯು ಚಕ್ರವರ್ತಿ, ಸೆರೆಯಲ್ಲಿರುವವಳು ಅಬಲೆ. ಮೋಹಕ್ಕೆ ಅಧಿಕಾರವು ಸೇರಿದಾಗಲೇ ಅದು ಲೋಕಕಂಟಕವಾಗುವುದೆಂಬ ವಿವೇಕವು ಆ ಕಥೆಯಲ್ಲಿದೆ. ನಾವು ನೋಡುತ್ತಿರುವ ಟೆಲಿವಿಷನ್ ಕಥೆಗಳಲ್ಲಾದರೋ, ಸಂಬಳಕ್ಕೆ ಕೈಯೊಡ್ಡಿ ನಿಂತ ಸಹಾಯಕಿಯೇ ರಾವಣ. ನೇಮಿಸುವ, ತೆಗೆದುಹಾಕುವ ಅಧಿಕಾರವುಳ್ಳ ಯಜಮಾನನೇ ಸೀತೆ!

ಇಲ್ಲಿ ಪೂರ್ವಪಕ್ಷವನ್ನೂ ಕೇಳಬೇಕು. “ಹೆಂಗಸರಲ್ಲಿ ಇಂಥವರು ಇಲ್ಲವೆ?” ಎಂದು ಕೆಲವರು ಕೇಳಬಹುದು. ಇದ್ದಾರೆ. ಮೇಲಿನ ಅಂತಸ್ತಿನವರು ಯಾರೋ ತಮ್ಮಲ್ಲಿ ಗುಪ್ತವಾಗಿ ಅನುರಕ್ತರಾಗಿದ್ದಾರೆಂಬ ಭ್ರಾಂತಿಯನ್ನು ಕ್ಲೆರಾಂಬೋ ಎಂಬ ಫ್ರೆಂಚ್ ವೈದ್ಯನು ೧೯೨೧ರಲ್ಲಿ ವಿಸ್ತಾರವಾಗಿ ವರ್ಣಿಸಿದನು. ಅದು ಮನೋರೋಗ, ಅದಕ್ಕೆ ಬೇಕಾದುದು ಚಿಕಿತ್ಸೆ. ಪುರುಷನೂ ಪೀಡಿತನಾಗಬಹುದು, ಅವನ ದೂರನ್ನು ನಗೆಗೀಡುಮಾಡುವುದು ಅನ್ಯಾಯ. “ಸ್ತ್ರೀಯರೇ ಇವನ್ನು ಆದರದಿಂದ ನೋಡುವರಲ್ಲ?” ಎಂದು ಮತ್ತೆ ಕೆಲವರು ಕೇಳಬಹುದು. ಅದೂ ನಿಜ. ಪತ್ನಿಯ ಪಾತ್ರವು ಕಾಯುವುದನ್ನೇ ಕೆಲಸವಾಗಿ ಮಾಡಿಕೊಂಡಿರುವಾಗ, ಯೋಚಿಸಿ, ಹೂಡಿ, ಮುನ್ನಡೆಯುವವಳು ಖಳನಾಯಿಕೆಯೊಬ್ಬಳೇ. ಕಥೆಯ ಚಲನೆಯೆಲ್ಲ ಅವಳದು. ಸಮರ್ಥೆಯಾದ ಹೆಣ್ಣನ್ನು ಕಾಣಬೇಕೆಂಬ ಆಸೆಯಿಂದ ನೋಡುವವರಿಗೆ ದುಷ್ಟಳ ವೇಷದಲ್ಲಿಯೇ ಅವಳನ್ನು ತೋರಿಸುವುದು ಕಥೆಗಾರರ ಬಡತನ, ನೋಡುವವರ ದೋಷವಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ. ಮಾರ್ಚಿ ತಿಂಗಳಲ್ಲಿ ರಾತ್ರಿ ಎಂಟಾದರೂ ಏಳುವಂತಿಲ್ಲ. ಅವಳು ಅಷ್ಟು ಹೊತ್ತು ಇರುವುದರ ವಿಷಯವಾಗಿ ಅಧಿಕಾರಿಯ ಮನೆಯಲ್ಲಿ ಮಾತು ಹುಟ್ಟಿ, ಅದು ಅವಳ ಅತ್ತೆಯ ಕಿವಿಗೂ ಮುಟ್ಟಿತು. ಅದೇ ಹೊತ್ತು ಕುಳಿತಿದ್ದ ಗಂಡಸರ ಮೇಲೆ ಯಾವ ಮಾತೂ ಇಲ್ಲ. “ಮೇಷ್ಟ್ರೇ, ಲೆಕ್ಕ ತಪ್ಪಾಗಿದ್ದರೆ ಬೈಯುತ್ತಾರೆ, ಸರಿ. ಸರಿಯಾಗಿದ್ದರೂ ಬೈಯುತ್ತಾರೆ ಎಂದು ನೀವು ಹೇಳಿಕೊಡಲಿಲ್ಲವಲ್ಲ” ಎಂದು ಅವಳು ನಕ್ಕಳು. ಆ ನಗೆಯಲ್ಲಿ ಹುರುಪಿರಲಿಲ್ಲ. ಆ ಮಾತು ಹುಟ್ಟಲು ಯಾವ ಚಿತ್ರವೂ ಬೇಕಾಗಿರಲಿಲ್ಲ. ಆದರೆ ಹುಟ್ಟಿದ ಮಾತಿಗೆ ಇಂಥ ಚಿತ್ರಗಳು ಕೈಕಾಲು ಕೊಡುವುವು.

ಇನ್ನೊಂದು ತಾರತಮ್ಯವನ್ನೂ ಹೇಳಲೇಬೇಕು. ಒಲ್ಲೆನೆಂದವನ ಬೆನ್ನನ್ನು ಹೆಣ್ಣು ಹತ್ತಿದರೆ ಆ ಚಿತ್ರಗಳಲ್ಲಿ ಅದು ಉನ್ಮಾದ. ಒಲ್ಲೆನೆಂದವಳ ಬೆನ್ನನ್ನು ನಾಯಕನು ಹತ್ತಿ, ದಾರಿಗಟ್ಟಿ, ಹಾಡಿದರೆ ನಮ್ಮ ದೇಶದ ಎಷ್ಟೋ ಚಿತ್ರಗಳಲ್ಲಿ ಅದು ಅನುರಾಗ, ಕೊನೆಗೆ ಮಂಗಳವಾದ್ಯ. ಶಾಸನವು ಹಾಗೆ ಎಣಿಸುವುದಿಲ್ಲ. ಹೆಣ್ಣು ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಪದೇಪದೇ ಹಿಂಬಾಲಿಸುವುದನ್ನು ನಮ್ಮ ದೇಶದಲ್ಲಿ ೨೦೧೩ರಲ್ಲಿ ಅಪರಾಧವೆಂದು ವಿಧಿಸಲಾಯಿತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೭೮ನೆಯ ಕಲಮು ಅದನ್ನೇ ಹೇಳುವುದು. ೨೦೧೩ರ ಇನ್ನೊಂದು ಕಾಯಿದೆಯ ಪ್ರಕಾರ, ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ಮಹಿಳೆಯರ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಒಂದು ಆಂತರಿಕ ಸಮಿತಿ ಇರಬೇಕು; ಹಿರಿಯ ಮಹಿಳಾ ಉದ್ಯೋಗಿಯು ಅದರ ಅಧ್ಯಕ್ಷೆಯಾಗಬೇಕು; ದೂರನ್ನು ಮೂರು ತಿಂಗಳೊಳಗೆ ಕೊಡಬೇಕು; ವಿಚಾರಣೆಯು ತೊಂಬತ್ತು ದಿನಗಳಲ್ಲಿ ಮುಗಿಯಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ತಮ್ಮ ಕಚೇರಿಯ ಸಮಿತಿಯಲ್ಲಿ ಯಾರಿರುವರೆಂಬುದು ತಿಳಿದಿದೆ?

ಇಂಥ ಚಿತ್ರಗಳನ್ನು ನೋಡಬೇಡಿರೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ದುಡಿದು ದಣಿದವರಿಗೆ ಭಯಾನಕರಸವೂ ಒಂದು ವಿಶ್ರಾಂತಿಯೇ. ಆದರೆ ಮಕ್ಕಳೊಡನೆ ಕುಳಿತು ನೋಡುವಾಗ ಹಿರಿಯರು ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಈ ಕಥೆಯಲ್ಲಿ ಅಧಿಕಾರವು ಯಾರ ಕೈಯಲ್ಲಿದೆ? ಕಚೇರಿಯಲ್ಲಿ ಹುಟ್ಟಿದ ತೊಡಕನ್ನು ಕಚೇರಿಯಲ್ಲಿಯೇ ಏಕೆ ಬಿಡಿಸಲಿಲ್ಲ? ಮತ್ತು ಮಗಳೋ ಸೊಸೆಯೋ ಹೊತ್ತು ಮೀರಿ ಮನೆಗೆ ಬಂದ ದಿವಸ, ಮೊದಲು ಅವಳ ಊಟವನ್ನು ವಿಚಾರಿಸತಕ್ಕದ್ದು. ಆಮೇಲೆ ಅವಳ ಕೆಲಸವನ್ನು ಕುರಿತು, ಕೆಲಸವೆಂದೇ ತಿಳಿದು, ನಾಲ್ಕು ಮಾತು ಕೇಳತಕ್ಕದ್ದು.