ಪ್ರತಿಯನ್ನು ತಾಳೆ ನೋಡತಕ್ಕದ್ದು



ವೇದಪಾಠದ ಕ್ರಮವು ತಮ್ಮಲ್ಲಿ ಅನೇಕರಿಗೆ ತಿಳಿದುದೇ. ಮಂತ್ರವನ್ನು ಒಮ್ಮೆ ನೇರವಾಗಿ ಹೇಳಿಸಿ ಬಿಡುವುದಿಲ್ಲ. ಪದ, ಕ್ರಮ, ಜಟೆ, ಘನವೆಂದು ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಿಸುವರು. ಹೀಗೆ ಮಾಡಿದಲ್ಲಿ ಒಂದಕ್ಷರ ತಪ್ಪಿದರೂ ಅಲ್ಲಿಯೇ ಸಿಕ್ಕಿಬೀಳುವುದು. ಈ ವಿವೇಕವು ಗಣಕಯಂತ್ರಕ್ಕೂ ಬೇಕೆಂಬುದನ್ನು ನಾನು ನಷ್ಟಪಟ್ಟು ಕಲಿತೆನು.

ನಮ್ಮ ಮಾದಿಹಳ್ಳಿಯ ಸುತ್ತಿನ ಶಾಲೆಯೊಂದರಲ್ಲಿ ಹಳೆಯ ಗಣಕಗಳು ಕೆಲವು ಮೂಲೆ ಹಿಡಿದಿದ್ದುವು. ಅವಕ್ಕೆ ಲಿನಕ್ಸ್ ಹಾಕಿಸೋಣವೆಂದು ನಾನೇ ಮುಂದಾದೆನು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸನು ಆರಂಭಿಸಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಅದು ಕಳವಲ್ಲ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಇದರಲ್ಲಿಯೇ ಗಣಕಪಾಠವನ್ನು ಕಲಿಯುತ್ತಿರುವರು.

ಆದರೆ ಇಳಿಸಿಕೊಳ್ಳುವಾಗ ವಿದ್ಯುತ್ತು ಎರಡು ಬಾರಿ ಹೋಯಿತು. ಕಡತವು ಪೂರ್ಣವಾಗಿ ಬಂದಿತೋ ಇಲ್ಲವೋ ನೋಡದೆ ಅವಸರದಿಂದ ಡಿ.ವಿ.ಡಿ.ಗೆ ಬರೆದು ಹಾಕಿದೆನು. ಯಂತ್ರವು ಹಳೆಯದನ್ನೆಲ್ಲ ಅಳಿಸಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಮರುದಿನ ಬಾಲಕಿಯೊಬ್ಬಳು, "ಮೇಷ್ಟ್ರೇ, ನಾವು ಬರೆದಿಟ್ಟ ಪ್ರಬಂಧಗಳೆಲ್ಲಿ?" ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಆದುದರಿಂದ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಈ ಕೆಲಸಕ್ಕೆ ಕೈಯಿಡುವವರು ಕ್ರಮವನ್ನು ಬಿಡಕೂಡದು. ಮೊದಲು ಯಂತ್ರದೊಳಗಿನ ಬರಹ, ಚಿತ್ರಗಳನ್ನೆಲ್ಲ ಬೇರೆಡೆ ನಕಲು ಮಾಡಿ ಇಡತಕ್ಕದ್ದು. ಬಳಿಕ ಐ.ಎಸ್.ಒ. ಎಂಬ ಕಡತವನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು. ಅದರ ಜೊತೆಗೆ ಎಸ್.ಎಚ್.ಎ. 256 ಎಂಬ 64 ಅಕ್ಷರಗಳ ಸಾಲೊಂದನ್ನು ಅವರು ಪ್ರಕಟಿಸಿರುವರು. ನಮ್ಮ ಕಡತದಿಂದಲೂ ಅದೇ ಸಾಲನ್ನು ಲೆಕ್ಕ ಹಾಕಿಸಿ ತಾಳೆ ನೋಡಬೇಕು. ಕಡತದಲ್ಲಿ ಒಂದೇ ಒಂದು ಅಕ್ಷರ ಕೆಟ್ಟಿದ್ದರೂ ಸಾಲೆಲ್ಲವೂ ಬೇರೆಯಾಗಿಬಿಡುವುದು. ಇದೇ ಗಣಕದ ಘನಪಾಠವೆನ್ನಬಹುದು.

ತಟ್ಟೆಗೆ ಬರೆಯುವಾಗ ಕಡತವನ್ನು ಸುಮ್ಮನೆ ಒಳಗಿಟ್ಟರೆ ಯಂತ್ರವು ಅದರಿಂದ ಏಳುವುದಿಲ್ಲ. "ಡಿಸ್ಕ್ ಇಮೇಜ್ ಬರ್ನ್" ಎಂಬುದನ್ನೇ ಆರಿಸಿ, ನಿಧಾನವಾದ ವೇಗದಲ್ಲಿ ಬರೆಯಿಸಬೇಕು. ಸಾಮಾನ್ಯ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಮಾತ್ರ ಹಿಡಿಸುವುದು. ಅದಕ್ಕಿಂತ ದೊಡ್ಡದಕ್ಕೆ ಪೆನ್‌ಡ್ರೈವೇ ಗತಿ. ಹಳೆಯ ಯಂತ್ರಗಳಿಗೆ ಹಗುರವಾದ ಬಗೆಯನ್ನು ಆರಿಸುವುದು ಲೇಸು. ಕೊನೆಯದಾಗಿ, ಏನನ್ನೂ ಅಳಿಸದೆ ತಟ್ಟೆಯಿಂದಲೇ ಒಮ್ಮೆ ನಡೆಯಿಸಿ ನೋಡುವ ಅನುಕೂಲವೂ ಬಹುತೇಕ ಲಿನಕ್ಸ್‌ಗಳಲ್ಲುಂಟು.

ಎರಡನೆಯ ಸಲ ಈ ಕ್ರಮದಲ್ಲಿಯೇ ನಡೆದೆವು. ಆ ಬಾಲಕಿಯೇ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು, ನಾನು ಪರದೆಯ ಮೇಲೆ ಬೆರಳಿಟ್ಟು ನೋಡುತ್ತ ಹೋದೆನು. ಅರವತ್ತನಾಲ್ಕೂ ಹೊಂದಿದುವು, ಯಂತ್ರವೂ ಎದ್ದಿತು. ಕಳೆದ ಪ್ರಬಂಧಗಳು ಮಾತ್ರ ಬರಲಿಲ್ಲ; ಮಕ್ಕಳು ಅವನ್ನು ಮತ್ತೆ ಬರೆಯುತ್ತಿದ್ದಾರೆ. ಬೆಲೆಯಿಲ್ಲದೆ ದೊರೆತುದೆಂದು ಎಚ್ಚರವಿಲ್ಲದೆ ಸ್ವೀಕರಿಸಿದರೆ ತೆರಬೇಕಾದ ಬೆಲೆ ಇಂಥದು.