ಚೇಂಬರಿನ ಕೆಳಗಿನ ಹನಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳ ಮೇಲೆ ಎರಡು ಬಗೆಯ ಗುರುತುಗಳು ಬೀಳುತ್ತವೆ. ಒಂದು, ಹೇರಿನಿಂದ ಉದುರಿ ಗಾಲಿಗೆ ಸಿಕ್ಕು ಚಪ್ಪಟೆಯಾದ ಕಬ್ಬಿನ ಜಲ್ಲೆ. ಇನ್ನೊಂದು, ಕರಿ ಎಣ್ಣೆಯ ಹನಿ. ಸಮೀರವಾಡಿಯಲ್ಲೋ ಹಿರೇಪಡಸಲಗಿಯಲ್ಲೋ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತ ಲಾರಿಗಳು ಮುಂದೆ ಸರಿದ ಮೇಲೆ ನೆಲ ನೋಡಿದರೆ ಯಾವ ಲಾರಿ ಎಲ್ಲಿ ನಿಂತಿತ್ತೆಂದು ಹೇಳಿಬಿಡಬಹುದು. ಕಬ್ಬಿನ ಜಲ್ಲೆಯನ್ನು ಹುಡುಗರು ಆರಿಸಿಕೊಂಡು ತಿನ್ನುತ್ತಾರೆ. ಎಣ್ಣೆಯ ಹನಿಯ ಕಡೆಗೆ ಯಾರೂ ನೋಡುವುದಿಲ್ಲ. ಈ ವಾರ ಅದನ್ನೇ ನೋಡೋಣ.

ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಒಂದು ತೊಟ್ಟಿ ಇದೆ. ಪುಸ್ತಕದಲ್ಲಿ ಅದಕ್ಕೆ ಸಂಪ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಚೇಂಬರ್. ದೊಡ್ಡ ಲಾರಿಯ ಚೇಂಬರಿನಲ್ಲಿ ಹತ್ತು-ಹದಿನೈದು ಲೀಟರ್ ಎಣ್ಣೆ ಹಿಡಿಯುತ್ತದೆ. ಹಳೆಯ ಎಣ್ಣೆ ತೆಗೆಯಲೆಂದು ಅದರ ತಳಕ್ಕೆ ಒಂದು ತೂತು, ಆ ತೂತಿಗೆ ಒಂದು ಬೋಲ್ಟು, ಬೋಲ್ಟಿನ ತಲೆಗೂ ಚೇಂಬರಿಗೂ ನಡುವೆ ಒಂದು ವಾಷರ್. ಇದೇ ಡ್ರೈನ್ ಪ್ಲಗ್. ಲಕ್ಷಗಟ್ಟಲೆ ರೂಪಾಯಿಯ ಎಂಜಿನ್ನು ಉಳಿಯುವುದೂ ಕೆಡುವುದೂ ಹೆಬ್ಬೆರಳಿನಷ್ಟು ದಪ್ಪದ ಈ ಬೋಲ್ಟಿನ ಮೇಲೆ ನಿಂತಿದೆ.

ಒಂದು ಹನಿಯಿಂದ ಏನು ಹೋಯಿತು ಎನ್ನುವವರು ಸ್ವಲ್ಪ ಲೆಕ್ಕ ಹಾಕಬೇಕು. ಸುಮಾರು ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ಐದು ಸೆಕೆಂಡಿಗೆ ಒಂದು ಹನಿ ಬಿದ್ದರೆ ತಾಸಿಗೆ 720 ಹನಿ, ಅಂದರೆ 36 ಮಿಲಿಲೀಟರ್. ಒಂದು ಹಗಲು ಒಂದು ರಾತ್ರಿಗೆ 864. ನಾಲ್ಕು ದಿನ ಯಾರೂ ಗೇಜ್ ಎಳೆದು ನೋಡದಿದ್ದರೆ ಮೂರೂವರೆ ಲೀಟರ್ ಹೋಯಿತು! ಹಂಗಾಮಿನಲ್ಲಿ ಲಾರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಎಣ್ಣೆ ಬತ್ತಿ ಬೇರಿಂಗ್ ಹಿಡಿದುಕೊಂಡರೆ ಲಾರಿ ನಡುದಾರಿಯಲ್ಲಿ ನಿಲ್ಲುತ್ತದೆ, ಕಬ್ಬು ಅದರ ಮೇಲೆಯೇ ಒಣಗುತ್ತದೆ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ ಎಂಬುದು ರೈತರ ಮನೆಯ ಮಕ್ಕಳಿಗೆ ಹೇಳಬೇಕಾದ ಮಾತಲ್ಲ. ಲಾರಿಯವನ ಬಾಡಿಗೆಯ ಜೊತೆಗೆ ರೈತನ ಗಂಟೂ ಹೋಗುತ್ತದೆ.

ಈಗ ಸಾಮಾನ್ಯವಾಗಿ ನಡೆಯುವುದನ್ನು ನೋಡಿ. ಡ್ರೈವರ್ ಕೆಳಗೆ ಬಗ್ಗಿ ನೋಡುತ್ತಾನೆ. “ತಮ್ಮಾ, ಸೋರಾಕತ್ತೈತಿ ನೋಡ, ಇನ್ನೊಂದ್ಸೊಲ್ಪ ಜಗ್ಗು” ಎಂದು ಕ್ಲೀನರ್ ಹುಡುಗನಿಗೆ ಹೇಳುತ್ತಾನೆ. ಹುಡುಗ ಪಾನಾ ಹಾಕಿ ಜಗ್ಗುತ್ತಾನೆ. ಮರುದಿನ ಮತ್ತೆ ಹನಿ. ಈ ಸಲ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗುತ್ತಾನೆ. ಮೂರನೆಯ ದಿನ ಬೋಲ್ಟು ಸುಮ್ಮನೆ ತಿರುಗತೊಡಗುತ್ತದೆ. ಥ್ರೆಡ್ ಹೋಯಿತು. ಸೋರಿಕೆಗಿಂತ ಸೋರಿಕೆಯ ಮದ್ದೇ ಹೆಚ್ಚು ಚೇಂಬರುಗಳನ್ನು ಕೆಡಿಸಿದೆ ಎಂದರೆ ತಪ್ಪಾಗಲಾರದು.

ಹೆಚ್ಚು ಬಿಗಿ ಮಾಡಿದರೆ ಸೋರುವುದಿಲ್ಲ ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತೋ ತಿಳಿಯದು. ಹೈಸ್ಕೂಲಿನ ವಿದ್ಯಾರ್ಥಿಗಳು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಮಾಡಿ. ಚೇಂಬರಿನಲ್ಲಿ ಎಣ್ಣೆ 20 ಸೆಂಟಿಮೀಟರ್ ಎತ್ತರಕ್ಕೆ ನಿಂತಿದೆ, ತೂತಿನ ಅಗಲ 2 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತೂತಿನ ವಿಸ್ತೀರ್ಣ 3.14 ಚದರ ಸೆಂಟಿಮೀಟರ್. ಅದರ ಮೇಲಿರುವ ಎಣ್ಣೆಯ ಕಂಬದ ಗಾತ್ರ ಸುಮಾರು 63 ಘನ ಸೆಂಟಿಮೀಟರ್. ಎಣ್ಣೆಯ ಸಾಂದ್ರತೆ 0.87 ಹಿಡಿದರೆ ತೂಕ 55 ಗ್ರಾಂ. ಇಷ್ಟೇ! ಎಣ್ಣೆ ಪ್ಲಗ್ಗನ್ನು ಕೆಳಕ್ಕೆ ತಳ್ಳುವ ಭಾರ ಒಂದು ಕೋಳಿಮೊಟ್ಟೆಯ ಭಾರ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವ ಆಯಿಲ್ ಪ್ರೆಷರ್ ಪಂಪಿನಿಂದ ಆಚೆಗಿನದು. ಚೇಂಬರಿನ ತಳಕ್ಕೂ ಅದಕ್ಕೂ ಸಂಬಂಧವಿಲ್ಲ. ಇತ್ತ ಸರಿಯಾಗಿ ಬಿಗಿದ ಪ್ಲಗ್ ವಾಷರನ್ನು ಒಂದು ಟನ್ನಿಗೂ ಮಿಕ್ಕಿದ ಬಲದಿಂದ ಒತ್ತಿ ಹಿಡಿದಿರುತ್ತದೆ. ಕೋಳಿಮೊಟ್ಟೆಯನ್ನು ಎತ್ತಿಹಿಡಿಯಲು ಟನ್ನು ಸಾಲದೆಂದು ಪೈಪು ಹಾಕಿ ಜಗ್ಗುವುದು ಯಾವ ನ್ಯಾಯ?

ಹಾಗಾದರೆ ಎಣ್ಣೆ ಸೋರುವುದೇಕೆ? ದಾರಿ ಸಿಕ್ಕಿರುವುದರಿಂದ. ವಾಷರಿನ ಮೈಮೇಲೆ ಒಂದು ಗೆರೆ, ಚೇಂಬರಿನ ಮುಖದ ಮೇಲೆ ಅಂಟಿದ ಒಂದು ಎರೆಮಣ್ಣಿನ ಕಣ, ಇಷ್ಟು ಸಾಕು. ಎಣ್ಣೆ ಬಿಸಿಯಾದಾಗ ಆ ದಾರಿ ಇನ್ನೂ ಸಲೀಸು. ಲಾರಿಗಳಿಗೆ ಹಾಕುವ 15ಡಬ್ಲ್ಯೂ-40 ಎಣ್ಣೆ 40 ಡಿಗ್ರಿಯಲ್ಲಿ ಎಷ್ಟು ಮಂದವಾಗಿರುತ್ತದೋ 100 ಡಿಗ್ರಿಯಲ್ಲಿ ಅದರ ಏಳನೆಯ ಒಂದು ಪಾಲಿಗೆ ಇಳಿಯುತ್ತದೆ. ಬೆಳಿಗ್ಗೆ ಒಣಗಿದ್ದ ಪ್ಲಗ್ ಕಾರ್ಖಾನೆ ಮುಟ್ಟುವ ಹೊತ್ತಿಗೆ ಹನಿ ಹಾಕುವುದು ಇದೇ ಕಾರಣಕ್ಕೆ.

ಪ್ಲಗ್ಗಿಗೆ ಕೈ ಹಾಕುವ ಮುಂಚೆ ಕಳ್ಳ ಅವನೇ ಹೌದೋ ಅಲ್ಲವೋ ನೋಡಬೇಕು. ಎಣ್ಣೆ ಎಲ್ಲಿಂದ ಹೊರಟರೂ ಕೊನೆಗೆ ಬಂದು ತೊಟ್ಟಿಕ್ಕುವುದು ಎಲ್ಲಕ್ಕಿಂತ ಕೆಳಗಿರುವ ಜಾಗದಲ್ಲಿ, ಅಂದರೆ ಹೆಚ್ಚಾಗಿ ಪ್ಲಗ್ಗಿನ ತಲೆಯ ಮೇಲೆ. ಫಿಲ್ಟರಿನ ರಬ್ಬರ್, ಚೇಂಬರಿನ ಪ್ಯಾಕಿಂಗ್, ಟ್ಯಾಪೆಟ್ ಕವರ್, ಯಾವುದು ಬೇಕಾದರೂ ಇರಬಹುದು. ಲಾರಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ ಬೇರೆ. ತಳವನ್ನೆಲ್ಲ ಡೀಸೆಲ್ಲಿನಿಂದ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ಮೇಲೆ ಚಾಕ್‌ಪೀಸಿನ ಪುಡಿ ಉದುರಿಸಿ ಎಂಜಿನ್ ಚಾಲೂ ಮಾಡಿದರೆ ಒಂದಷ್ಟು ಹೊತ್ತಿನಲ್ಲಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಹಿಡಿದು ಮೇಲೆ ಹೋದರೆ ಮೂಲ ಸಿಕ್ಕುತ್ತದೆ. ಬ್ರೀದರ್ ನಳಿಕೆಯಲ್ಲಿ ಕೆಸರು ಕಟ್ಟಿದ್ದರೆ ಎಂಜಿನ್ನಿನ ಒಳಗಿನ ಹೊಗೆಗೆ ಹೊರಗೆ ದಾರಿಯಿಲ್ಲದೆ ಅದು ಎಣ್ಣೆಯನ್ನು ಎಲ್ಲ ಸಂದುಗಳಿಂದಲೂ ತಳ್ಳುತ್ತದೆ. ಆಗ ಪ್ಲಗ್ ಬದಲಿಸಿ ಉಪಯೋಗವಿಲ್ಲ, ನಳಿಕೆ ತೊಳೆಯಬೇಕು.

ಪ್ಲಗ್ಗೇ ಕಳ್ಳನಾದರೆ ವಾಷರಿನಿಂದ ಶುರು ಮಾಡಿ. ಹೊಸ ವಾಷರಿಗೆ ಚಹಾದಂಗಡಿಯಲ್ಲಿ ಕೊಡುವಷ್ಟು ದುಡ್ಡು ಸಾಕು, ಆದರೂ ಹಳೆಯದನ್ನೇ ಹಾಕುವ ಚಾಳಿ ಹೋಗಿಲ್ಲ. ತಾಮ್ರದ ವಾಷರ್ ಮೆತ್ತಗಿರುವುದರಿಂದಲೇ ಒತ್ತಿದಾಗ ಸಣ್ಣಪುಟ್ಟ ಗೀರುಗಳೊಳಗೆ ಇಳಿದು ಕೂರುತ್ತದೆ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗುತ್ತದೆ, ಎರಡನೆಯ ಸಲ ಇಳಿಯುವುದಿಲ್ಲ. ಹೊಸದು ಸಿಗದ ಊರಿನಲ್ಲಿ ಜಾಣ ಮಿಸ್ತ್ರಿ ಹಳೆಯ ವಾಷರನ್ನು ಉರಿಗೆ ಹಿಡಿದು ಮಂದಗೆಂಪು ಬರುವವರೆಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಕಮ್ಮಾರನ ಕುಲುಮೆಯಲ್ಲಿ ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುವುದನ್ನು ನೀವು ನೋಡಿದ್ದೀರಿ. ಇಲ್ಲಿ ನಡೆಯುವುದು ಅದರ ತದ್ವಿರುದ್ಧ. ಉಕ್ಕಿನೊಳಗಿನ ಇಂಗಾಲದ ಆಟ ತಾಮ್ರದಲ್ಲಿಲ್ಲ. ತಾಮ್ರವನ್ನು ಮೆತ್ತಗೆ ಮಾಡುವುದು ಕಾವೇ ಹೊರತು ನೀರಲ್ಲ. ತಾನಾಗಿ ಆರಲು ಬಿಟ್ಟರೂ ನಡೆಯುತ್ತದೆ. ಆದರೆ ಅಲ್ಯೂಮಿನಿಯಮ್ ವಾಷರಿನ ಮೇಲೆ ಈ ಪ್ರಯೋಗ ಬೇಡ. ಅದು 660 ಡಿಗ್ರಿಗೆ, ಕೆಂಪಾಗಿ ಎಚ್ಚರಿಕೆ ಕೊಡದೆಯೇ, ಕರಗಿ ಬಿದ್ದುಬಿಡುತ್ತದೆ.

ಬನಹಟ್ಟಿಯಂಥ ನೇಕಾರರ ಊರಿನಲ್ಲಿ ನೂಲಿಗೆ ಬರವೇ? ಥ್ರೆಡ್ಡಿಗೆ ಮಗ್ಗದ ನೂಲು ಸುತ್ತಿ ಪ್ಲಗ್ ಹಾಕುವವರಿದ್ದಾರೆ. ನಳದವರ ಬಿಳಿ ಟೇಪು ಸುತ್ತುವವರೂ ಇದ್ದಾರೆ. ನೀರಿನ ನಳಕ್ಕೆ ಅದು ಸರಿ. ಇಲ್ಲಿ ಎಣ್ಣೆ ತಡೆಯುವ ಕೆಲಸ ವಾಷರಿನದು, ಥ್ರೆಡ್ಡಿನದಲ್ಲ. ಹರಿದ ಚೂರು ಒಳಗೆ ಹೋಗಿ ಪಂಪಿನ ಜಾಳಿಗೆಗೆ ಅಡ್ಡ ಕೂತರೆ ಹನಿ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡಂತೆ.

ಬಿಗಿಯುವುದು ಎಷ್ಟು ಎಂಬುದೇ ಕಠಿಣ ಪ್ರಶ್ನೆ. ಕಂಪನಿಯ ಪುಸ್ತಕದಲ್ಲಿ ಪ್ರತಿ ಎಂಜಿನ್ನಿಗೂ ಒಂದು ಟಾರ್ಕ್ ಅಂಕಿ ಕೊಟ್ಟಿರುತ್ತಾರೆ. ಒಂದಡಿ ಉದ್ದದ ಪಾನಾದ ತುದಿಯನ್ನು 20 ಕಿಲೋ ಬಲದಿಂದ ಜಗ್ಗಿದರೆ ಸುಮಾರು 60 ನ್ಯೂಟನ್-ಮೀಟರ್. ಮೂರಡಿಯ ಪೈಪು ಸಿಕ್ಕಿಸಿ ಅಷ್ಟೇ ಬಲ ಹಾಕಿದರೆ 180. ಕೈಗೆ ಶ್ರಮ ಒಂದೇ, ಬೋಲ್ಟಿಗೆ ಮೂರು ಪಟ್ಟು. ಅದರಲ್ಲೂ ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಬೋಲ್ಟಿನ ತಲೆಯ ಕೆಳಗೆ ಮತ್ತು ಥ್ರೆಡ್ಡಿನಲ್ಲಿ ತಿಕ್ಕಾಟಕ್ಕೇ ಹೋಗುತ್ತದೆ. ಹತ್ತು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯುತ್ತದೆ. ಹೌದು, ಬಿಗಿದ ಬೋಲ್ಟು ಕೂದಲೆಳೆಗಿಂತ ಕಡಿಮೆಯಾದರೂ ಹಿಗ್ಗುತ್ತದೆ, ಸ್ಪ್ರಿಂಗಿನಂತೆ ವಾಪಸು ಎಳೆಯುತ್ತದೆ. ಹುಕ್‌ನ ನಿಯಮ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಲ್ಲ, ಅದು ಬದುಕುವುದು ಇಲ್ಲಿ. ಮಿತಿ ಮೀರಿ ಎಳೆದರೆ ಸ್ಪ್ರಿಂಗ್ ಸ್ಪ್ರಿಂಗಾಗಿ ಉಳಿಯುವುದಿಲ್ಲ.

ಇನ್ನೊಂದು ಕಥೆ ಥ್ರೆಡ್ಡಿನದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟುಗಳಿಗೆ ಒಂದೇ ಅಳತೆ ಸೂಚಿಸುವ ತನಕ ಒಬ್ಬ ಮಾಡಿದ ಬೋಲ್ಟು ಇನ್ನೊಬ್ಬನ ನಟ್ಟಿಗೆ ಕೂರುತ್ತಿರಲಿಲ್ಲ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ, ಲೆಕ್ಕ ಇಂಚಿನದು. ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ, ಲೆಕ್ಕ ಮಿಲಿಮೀಟರಿನದು. ಟಾಟಾದವರು 1954ರಲ್ಲಿ ಲಾರಿ ಕಟ್ಟಲು ಕೈಜೋಡಿಸಿದ್ದು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ. ಮದರಾಸಿನ ಅಶೋಕ್ ಕಂಪನಿ ಸೇರಿದ್ದು ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ. ಹೀಗಾಗಿ ನಮ್ಮ ಹೆದ್ದಾರಿಗಳ ಮೇಲೆ ಮಿಲಿಮೀಟರೂ ಇಂಚೂ ಬಹಳ ಕಾಲ ಅಕ್ಕಪಕ್ಕ ಓಡಿದವು. ಈಗ ಮೆಟ್ರಿಕ್ಕೇ ಎಲ್ಲೆಡೆ, ಆದರೆ ಗ್ಯಾರೇಜಿನ ಡಬ್ಬಿಯಲ್ಲಿ ಎಲ್ಲ ಕಾಲದ ಬೋಲ್ಟುಗಳೂ ಇರುತ್ತವೆ. ಆದ್ದರಿಂದ ಮೊದಲ ಮೂರು-ನಾಲ್ಕು ಸುತ್ತು ಪ್ಲಗ್ಗನ್ನು ಬರಿಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಹೋಗದ್ದನ್ನು ಪಾನಾದಿಂದ ಒಳಗೆ ನುಗ್ಗಿಸಬಾರದು.

ಥ್ರೆಡ್ ಆಗಲೇ ಹೋಗಿದ್ದರೆ ದಾರಿಗಳಿವೆ. ತೂತನ್ನು ಒಂದು ಅಳತೆ ದೊಡ್ಡದು ಮಾಡಿ, ಟ್ಯಾಪ್ ಹೊಡೆದು, ದಪ್ಪ ಪ್ಲಗ್ ಹಾಕುವುದು ಒಂದು. ಹೆಲಿಕಾಯಿಲ್ ಎಂಬ ಉಕ್ಕಿನ ತಂತಿಯ ಸುರುಳಿ ಕೂರಿಸಿ ಹಳೆಯ ಅಳತೆಯನ್ನೇ ಉಳಿಸಿಕೊಳ್ಳುವುದು ಇನ್ನೊಂದು. ಅಲ್ಯೂಮಿನಿಯಮ್ ಚೇಂಬರಿಗೆ ಇದು ಒಳ್ಳೆಯದು. ಯಾವುದನ್ನು ಮಾಡಿದರೂ ಚೇಂಬರ್ ಬಿಚ್ಚಿ ತೊಳೆದರೇ ಲೇಸು. ಟ್ಯಾಪಿನ ಚೂರುಗಳು ಒಳಗೆ ಉಳಿಯಬಾರದು.

ತಂದೆತಾಯಿಯರಿಗೆ ಇಲ್ಲಿ ಒಂದು ಮಾತು. ಅಂಕ ಕಡಿಮೆ ಬಂದ ಹುಡುಗನಿಗೆ “ಗ್ಯಾರೇಜಿಗೆ ಹಾಕ್ತೀನಿ ನೋಡ” ಎಂದು ಗದರುವುದು ನಮ್ಮಲ್ಲಿ ರೂಢಿ. ಮೇಲೆ ಹೇಳಿದ್ದರಲ್ಲಿ ಒತ್ತಡ, ಸಾಂದ್ರತೆ, ಸ್ನಿಗ್ಧತೆ, ಘರ್ಷಣೆ, ಲೋಹವಿದ್ಯೆ ಎಷ್ಟು ಬಂತು ಎಣಿಸಿ ನೋಡಿ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾನೂನಿಗೆ ವಿರುದ್ಧ. ಅಂಥ ಹುಡುಗ ಶಾಲೆ ಬಿಟ್ಟು ಗ್ಯಾರೇಜು ಸೇರಿದರೆ ಪಾನಾ ಜಗ್ಗುವುದನ್ನು ಕಲಿಯುತ್ತಾನೆ, ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಚೇಂಬರುಗಳನ್ನು ಕೆಡಿಸುತ್ತಲೇ ತಿಳಿಯಬೇಕಾಗುತ್ತದೆ. ಹತ್ತನೆಯ ತರಗತಿ ಮುಗಿಸಿದವನಿಗೆ ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ ಕೋರ್ಸು, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ್ದು. ಓದು ಮುಂದುವರಿಸುವ ಆಸೆಯಿದ್ದರೆ ಪಾಲಿಟೆಕ್ನಿಕ್ ಇದೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಹೆದರಿಸುವ ಮಾತಾಗಿ ಬಳಸುವ ಮುಂಚೆ ಊರಿನ ಒಳ್ಳೆಯ ಮಿಸ್ತ್ರಿಯ ಬಳಿ ಮಗನನ್ನು, ಮಗಳನ್ನೂ, ಒಂದು ರವಿವಾರ ಕರೆದುಕೊಂಡು ಹೋಗಿ ಕೂರಿಸಿ.

ಹೋದಾಗ ಕೆಲವು ಎಚ್ಚರಿಕೆ ಇರಲಿ. ಲಾರಿ ಸಮನೆಲದ ಮೇಲೆ, ಖಾಲಿಯಾಗಿ, ಗಾಲಿಗಳಿಗೆ ಮರದ ಅಡೆ ಇಟ್ಟು ನಿಂತಿರಬೇಕು. ಬರೀ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ತೂರಬಾರದು. ಆಗ ತಾನೇ ಓಡಿ ಬಂದ ಎಂಜಿನ್ನಿನ ಎಣ್ಣೆ ಕೈ ಸುಡುತ್ತದೆ. ಅರ್ಧ ತಾಸು ಆರಲಿ, ಪೂರ್ತಿ ತಣ್ಣಗಾಗುವುದೂ ಬೇಡ, ಕೊಳೆ ಎಣ್ಣೆಯ ಜೊತೆಗೇ ಇಳಿದು ಬರಲಿ. ಬಿಚ್ಚಿದ ಪ್ಲಗ್ಗನ್ನು ಕೂಡಲೇ ಒರೆಸಬೇಡಿ. ಕೆಲವು ಪ್ಲಗ್ಗುಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಕಾಡಿಗೆಯಂಥ ನುಣುಪು ಅಂಟಿದ್ದರೆ ಅದು ಸಹಜ ಸವೆತ. ಸೂಜಿಯಂಥ ಚೂರುಗಳಿದ್ದರೆ ಒಳಗೆ ಯಾವುದೋ ಮುರಿಯುತ್ತಿದೆ. ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ.

ಇಳಿಸಿದ ಎಣ್ಣೆಯನ್ನು ಕಾಲುವೆಗೋ ಹಿತ್ತಲಿಗೋ ಚೆಲ್ಲುವುದನ್ನು ಕಂಡರೆ ಬೇಡವೆನ್ನಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಡಬ್ಬಿಯಲ್ಲಿ ತುಂಬಿಟ್ಟು ಪರವಾನಗಿ ಇದ್ದವರಿಗೆ ಕೊಡಬೇಕಾದದ್ದು. ಘಟಪ್ರಭೆಯ, ಕೃಷ್ಣೆಯ ನೀರು ಕುಡಿಯುವ ಊರುಗಳು ನಮ್ಮವು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡದ್ದು ಆ ನೀರಿಗಾಗಿಯೇ.

ಹೊಸ ವಾಷರ್ ಹಾಕಿ, ಎರಡೂ ಮುಖ ಒರೆಸಿ, ಹೇಳಿದಷ್ಟೇ ಬಿಗಿದು, ಎಣ್ಣೆ ತುಂಬಿ, ಗೇಜ್ ನೋಡಿ ಆದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ. ರಾತ್ರಿ ಪ್ಲಗ್ಗಿನ ನೇರಕ್ಕೆ ನೆಲದ ಮೇಲೆ ಒಂದು ಹಳೆಯ ಪತ್ರಿಕೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲಿಡಿ. ಬೆಳಿಗ್ಗೆ ಅಕ್ಷರಗಳ ಮೇಲೆ ಕಲೆ ಇಲ್ಲದಿದ್ದರೆ ಲಾರಿ ಹೊಲಕ್ಕೆ ಹೊರಡಬಹುದು. ಮೊದಲ ಟ್ರಿಪ್ ಮುಗಿಸಿ ಬಂದಾಗ, ಎಣ್ಣೆ ಬಿಸಿಯಿರುವಾಗಲೇ, ಇನ್ನೊಮ್ಮೆ ಬಗ್ಗಿ ನೋಡಿ.