ಜಯಶ್ರೀ ಅವರನ್ನು ಗಾಯಕಿ ಎನ್ನಲು ನಮಗೇನು ಕಷ್ಟ?

ಕಳೆದ ತಿಂಗಳು ಶಿವಮೊಗ್ಗದ ಒಂದು ವಿಚಾರ ಸಂಕಿರಣದಲ್ಲಿ ನನ್ನ ಪಿಎಚ್.ಡಿ.ಯ ಒಂದು ಅಧ್ಯಾಯ ಓದಿದೆ. ವಿಷಯ, ಬಿ. ಜಯಶ್ರೀ ಅವರ ಗಾಯನ. ಮುಗಿಯುವ ಮೊದಲೇ ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. "ಅವರು ದೊಡ್ಡ ನಟಿ ಕಣಮ್ಮಾ, ಒಪ್ಪಿದೆ. ಹಾಡನ್ನೂ ಹಾಡ್ತಾರೆ. ಆದ್ರೆ ಗಾಯಕಿ ಅಂತ ಹೇಗೆ ಕರೀತೀಯ?" ಸಭೆ ತಲೆದೂಗಿತು. ಭದ್ರಾವತಿಯ ಬಸ್ಸು ಹತ್ತಿ ಕೂತ ಮೇಲೂ ಆ 'ಹಾಡನ್ನೂ' ಎಂಬುದರ 'ಊ' ಚುಚ್ಚುತ್ತಲೇ ಇತ್ತು.

ಅವರ ಮನಸ್ಸಿನಲ್ಲಿದ್ದ ಗಾಯಕಿ ಯಾರೆಂದು ಗೊತ್ತು. ಶ್ರುತಿಪೆಟ್ಟಿಗೆಯ ಪಕ್ಕ ಕೂತು, ಮೈಕಿನ ಮುಂದೆ ಕಣ್ಣು ಮುಚ್ಚಿ ಹಾಡುವವಳು. ಕಂಪನಿ ನಾಟಕದ ಹಾಡುಗಾರ್ತಿಗೆ ಕೂರುವ ಭಾಗ್ಯವಿರಲಿಲ್ಲ. ಮೈಕು ಬರುವ ಮೊದಲಿನ ಕಾಲದಲ್ಲಿ ಹಾರ್ಮೋನಿಯಂ, ತಬಲಾಗಳನ್ನು ದಾಟಿ ಅವಳ ದನಿ ಕೊನೆಯ ಸಾಲು ಮುಟ್ಟಬೇಕಿತ್ತು. ಅಳುವಾಗಲೂ ಜಗಳವಾಡುವಾಗಲೂ ಶ್ರುತಿ ಬಿಡುವಂತಿಲ್ಲ. ಜನ 'ಒನ್ಸ್ ಮೋರ್' ಎಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕಿತ್ತು ಎಂದು ಭದ್ರಾವತಿಯ ನಮ್ಮಜ್ಜಿ ಈಗಲೂ ನಗುತ್ತಾಳೆ.

ಜಯಶ್ರೀ ಬಂದದ್ದು ಈ ಮನೆಯಿಂದ. ಗುಬ್ಬಿ ವೀರಣ್ಣನವರ ಮೊಮ್ಮಗಳು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 'ಸ್ಪಂದನ' ತಂಡ ಕಟ್ಟಿ, 'ಲಕ್ಷಾಪತಿ ರಾಜನ ಕಥೆ', 'ಕರಿಮಾಯಿ'ಯಂಥ ನಾಟಕಗಳನ್ನು ಹಾಡಿನ ಬೆನ್ನೆಲುಬಿನ ಮೇಲೆ ನಿಲ್ಲಿಸಿದವರು. ಆ ದನಿ ನುಣುಪಲ್ಲ. ಎದೆಯಿಂದ ಗಡಸಾಗಿ ಎದ್ದು ಬರುತ್ತದೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದವರು ಸೋಲುತ್ತಾರೆ (ನಾನಂತೂ ಒಂದಿಡೀ ಮಧ್ಯಾಹ್ನ ಸೋತಿದ್ದೇನೆ). 2001ರ 'ನನ್ನ ಪ್ರೀತಿಯ ಹುಡುಗಿ' ಚಿತ್ರದ ಕಾರಿನ ಹಾಡನ್ನು ನನ್ನ ಓರಗೆಯವರೆಲ್ಲ ಕುಣಿದು ಕೇಳಿದ್ದೇವೆ. ನಾವಾಗ ಕೇಳಿದ್ದು ಕಂಪನಿ ರಂಗಭೂಮಿಯ ಗಂಟಲು ಎಂದು ಯಾರೂ ಹೇಳಿಕೊಡಲಿಲ್ಲ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ. ನಾಟಕದವರು ಸಂಭ್ರಮಿಸಿದರು, ಸಂಗೀತದವರು ಪಾಪ ಬೇರೆಲ್ಲೋ ನೋಡುತ್ತಿದ್ದರು.

ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣನವರನ್ನು ನೆನೆಯಿರಿ. ಓದಿದ್ದು ಕಾನೂನು, ವೃತ್ತಿ ವಕೀಲಿಕೆ. ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. 'ವಕೀಲರು, ಹಾಡನ್ನೂ ಹಾಡ್ತಾರೆ' ಎಂದು ಯಾರಾದರೂ ಅಂದದ್ದುಂಟೆ? ಅನ್ನಬಾರದು ಕೂಡ. ಕೋರ್ಟಿನಿಂದ ಬಂದವರಿಗೆ ಸಿಗುವ ಬಿರುದು ರಂಗದಿಂದ ಬಂದ ಹೆಣ್ಣಿಗೆ ಏಕಿಲ್ಲ ಎಂಬುದಷ್ಟೇ ನನ್ನ ತಕರಾರು.

ರಂಗಗೀತೆ ನಾಟಕದ ಹೊರಗೆ ನಿಲ್ಲುವುದಿಲ್ಲ ಎನ್ನುತ್ತಾರೆ. ಅರ್ಧ ನಿಜ. ಕೀಬೋರ್ಡು ಹಿಡಿದು ನಡೆಸುವ 'ರಂಗಗೀತೆ ಸಂಜೆ'ಗಳಲ್ಲಿ ಒಳ್ಳೆಯ ಹಾಡುಗಳು ಸಪ್ಪೆಯಾದದ್ದನ್ನು ನಾನೂ ಕಂಡಿದ್ದೇನೆ. ಆದರೆ ಮೀನು ದಡದಲ್ಲಿ ಈಜಲಿಲ್ಲವೆಂದು ಅದಕ್ಕೆ ಈಜು ಬಾರದು ಎನ್ನುತ್ತೇವೆಯೆ? ಅಮೆರಿಕದಲ್ಲಿ ಸೋಲ್ ಗಾಯಕಿ ಜೆನಿಫರ್ ಹಾಲಿಡೇ 'ಡ್ರೀಮ್‌ಗರ್ಲ್ಸ್' ಎಂಬ ಸಂಗೀತ ನಾಟಕದ ಪಾತ್ರಕ್ಕೆ 1982ರಲ್ಲಿ ರಂಗಭೂಮಿಯ ಟೋನಿ ಪಡೆದರು. ಅದೇ ಪಾತ್ರದ ಹಾಡಿಗೆ ಸಂಗೀತದ ಗ್ರ್ಯಾಮಿಯೂ ಬಂತು. ನಟಿಯೋ ಗಾಯಕಿಯೋ ಎಂದು ಮೊದಲು ತೀರ್ಮಾನಿಸಿ ಎಂದು ಅಲ್ಲಿ ಯಾರೂ ಹಟ ಹಿಡಿಯಲಿಲ್ಲ.

ಅಧ್ಯಾಯದ ಹೆಸರನ್ನು 'ರಂಗನಟಿಯ ಹಾಡುಗಳು' ಎಂದು ಬದಲಿಸಿದರೆ ಮೌಲ್ಯಮಾಪಕರ ತಕರಾರು ಬರುವುದಿಲ್ಲ ಎಂಬ ಹಿತವಚನವೂ ಬಂದಿದೆ. ಪ್ರಬಂಧ ಒಪ್ಪಿಸಲು ಇನ್ನು ಎರಡು ತಿಂಗಳಿದೆ. ಹೆಸರು ಬದಲಿಸಿಲ್ಲ.